ಹಗಲೊತ್ತು ಮನೆಯಲ್ಲಿ ಯಾರಿರುತ್ತಾರೆ

ಬೆಂಗಳೂರು ಬಿಟ್ಟು ಹತ್ತಿರದ ಹಳ್ಳಿಯೊಂದರಲ್ಲಿ ಮನೆ ಮಾಡಿ, ಅಲ್ಲಿಂದಲೇ ದಿನಾ ಕೆಲಸಕ್ಕೆ ಬಂದುಹೋಗಬೇಕೆಂಬ ಆಸೆ ನನ್ನಲ್ಲಿ ಬೇರೂರಿದ್ದು 2024ರ ಬೇಸಿಗೆಯಲ್ಲಿ. ಆ ವರ್ಷ ನಗರದ ಕೊಳವೆಬಾವಿಗಳು ಒಂದರ ಹಿಂದೊಂದು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಗಿ ಬಂತು. ಅರೆಕೆರೆಯಲ್ಲಿ ನಾವಿರುವ ಬಾಡಿಗೆ ಮನೆಗೆ ನೀರು ತರುತ್ತಿದ್ದ ಹುಡುಗನನ್ನು ಎಲ್ಲಿಂದ ತುಂಬಿಸಿಕೊಂಡು ಬರ್ತೀಯಪ್ಪ ಎಂದು ಕೇಳಿದೆ. ಬನ್ನೇರುಘಟ್ಟದಾಚೆಯ ಒಂದು ಹಳ್ಳಿಯ ಹೆಸರು ಹೇಳಿದ. ಅಲ್ಲೊಬ್ಬರ ತೋಟದ ಬೋರು. ಈ ಸಲ ಅವರು ತೋಟಕ್ಕೆ ಏನೂ ಹಾಕಿಲ್ಲ, ಬೆಳೆಗಿಂತ ನೀರು ಮಾರುವುದೇ ಮೇಲು ಅಂತಾರೆ ಎಂದ. ಆ ಬರಿದಾದ ತೋಟದ ಬಗ್ಗೆ ಅವತ್ತು ನನಗೆ ಮರುಕ ಹುಟ್ಟಲಿಲ್ಲ. ನೀರಿರುವ ಕಡೆಗೆ ನಾವೇ ಯಾಕೆ ಹೋಗಬಾರದು ಅನ್ನಿಸಿತು, ಅಷ್ಟೇ.

ಅಂದಿನಿಂದ ಈ ಆಸೆಯನ್ನು ತೂಗುತ್ತಲೇ ಇದ್ದೇನೆ. ಮನೆಯವರ ಮುಂದೆ ತೂಗುವಾಗ ಇಡುವ ಕಾರಣಗಳು ಬೇರೆ, ಒಬ್ಬಳೇ ಕೂತಾಗ ಏಳುವ ಕಾರಣಗಳು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನೋಡೋಣವೆಂದು ಇದನ್ನು ಬರೆಯಲು ಕೂತಿದ್ದೇನೆ.

ಮನೆಯವರ ಮುಂದೆ ಇಟ್ಟ ಲೆಕ್ಕ ಸುಲಭದ್ದು. ನನ್ನ ಆಫೀಸು ಇರುವುದು ಗಾಂಧಿನಗರದಲ್ಲಿ. ಅರೆಕೆರೆಯಿಂದ ಮೆಜೆಸ್ಟಿಕ್ಕಿಗೆ ಹದಿಮೂರು ಹದಿನಾಲ್ಕು ಕಿಲೋಮೀಟರ್ ಇದ್ದೀತು. ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ವರ್ಷಗಟ್ಟಲೆ ನಡೆದು, ಸಂಜೆ ಹೊತ್ತು ಈ ಹಾದಿಗೆ ಒಂದೂವರೆ ಗಂಟೆ ಹಿಡಿಯುವುದು ನಮಗೆ ಮಾಮೂಲಾಗಿದೆ. ಇಷ್ಟೇ ಹೊತ್ತಿನಲ್ಲಿ ಚನ್ನಪಟ್ಟಣದಿಂದ ರೈಲು ಮೆಜೆಸ್ಟಿಕ್ಕಿಗೆ ಬಂದು ನಿಲ್ಲುತ್ತದೆ, ನಡುವೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಇದ್ದರೂ. ನಿಲ್ದಾಣದಿಂದ ಆಫೀಸಿಗೆ ನಡೆದೇ ಹೋಗಬಹುದು. ರೈಲಿನ ತಿಂಗಳ ಪಾಸಿಗೆ ಕೆಲವು ನೂರು ರೂಪಾಯಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನಲ್ಲಾದರೆ ಹೆಂಗಸರಿಗೆ ಅದೂ ಬೇಡ. ಅರೆಕೆರೆಯ ಎರಡು ಕೋಣೆಗೆ ನಾವು ಕೊಡುವ ಬಾಡಿಗೆಯಲ್ಲಿ ಅಲ್ಲಿ ಅಂಗಳವಿರುವ ಮನೆಯೇ ಸಿಗುತ್ತದೆ. ನನ್ನ ಗಂಡ ವಾರಕ್ಕೆರಡು ದಿನ ಮಾತ್ರ ಕಚೇರಿಗೆ ಹೋಗಬೇಕು, ಉಳಿದ ದಿನ ಮನೆಯಿಂದಲೇ ಕೆಲಸ. ಮಗಳು ಹತ್ತನೇ ತರಗತಿ. ಅತ್ತೆಗೆ ಎಪ್ಪತ್ತು ದಾಟಿದೆ. ನಾಲ್ವರಿಗೂ ಒಳ್ಳೆಯ ಗಾಳಿ ಸಿಗುತ್ತದೆ ಎಂದೆ. ಯಾರೂ ಬೇಡವೆನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಆ ಮೌನವನ್ನು ನಾನು ಆಗ ಒಪ್ಪಿಗೆಯೆಂದೇ ಎಣಿಸಿದೆ.

ದೊಡ್ಡಬಳ್ಳಾಪುರದ ಕಡೆ ನೋಡಿದೆವು, ವಿಮಾನ ನಿಲ್ದಾಣದ ನೆರಳು ಅಲ್ಲಿಗೂ ಬಿದ್ದಿದೆ. ಮಾಗಡಿಯ ಕಡೆ ಸಾವನದುರ್ಗದ ಬುಡದಲ್ಲಿ ಮನಸ್ಸು ಸೋಲುವಂಥ ಜಾಗಗಳಿವೆ, ರೈಲಿಲ್ಲ. ಮಾಲೂರಿನ ಕಡೆ ರೈಲಿದೆ, ಆದರೆ ನೀರು ಪಾತಾಳದಲ್ಲಿದೆ. ಹಾಗೆ ಒಂದೊಂದೇ ಕೈಬಿಟ್ಟು ಮೈಸೂರು ಹಾದಿಯಲ್ಲಿ, ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವಿನ ಊರುಗಳ ಮೇಲೆ ಕಣ್ಣು ನೆಟ್ಟೆವು. ನನ್ನ ತವರು ಮಳವಳ್ಳಿ ತಾಲ್ಲೂಕು. ಆ ಕಡೆಯ ಮಣ್ಣು, ಆ ಕಡೆಯ ಮಾತು ನನಗೆ ಒಗ್ಗಿದ್ದು. ಹಾಗಾಗಿ ಆಯ್ಕೆ ಆಯಿತು ಎಂದರೂ ತಪ್ಪಲ್ಲ.

ಇನ್ನು ಒಬ್ಬಳೇ ಕೂತಾಗ ಏಳುವ ಕಾರಣಗಳು.

ನಮ್ಮ ತವರಿನ ಜಮೀನಿನಲ್ಲಿ ನನಗೂ ಪಾಲಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ. ಕಾನೂನು ಬಂದರೂ ನಮ್ಮ ಕಡೆ ನಡೆಯುವುದು ಬೇರೆ. ಮದುವೆಯಾದ ಮೇಲೆ ಒಂದು ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆಯುತ್ತಾರೆ, ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕುತ್ತೇವೆ, ಹೋಟೆಲಿನಲ್ಲಿ ಊಟ, ಒಂದು ಸೀರೆ, ಮಡಿಲಕ್ಕಿ. ನಾನೂ ಹಾಕಿದೆ. ಆ ಜಮೀನನ್ನು ಗೇಯುವವನು ಅಣ್ಣ, ಅಪ್ಪ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವನು ಅವನು. ಆ ರುಜುವಿನ ಬಗ್ಗೆ ನನಗೆ ವಿಷಾದವಿಲ್ಲ. ಆದರೆ ಅವತ್ತಿನಿಂದ ಪಹಣಿಯ ಕಾಲಂನಲ್ಲಿ ನನ್ನ ಹೆಸರು ನೋಡಬೇಕೆಂಬ ಆಸೆಯೊಂದು ಒಳಗೆ ಕೂತಿದೆ. ಹತ್ತು ಗುಂಟೆಯಾದರೂ ಸರಿ. ಗಾಳಿ, ಹಸಿರು, ಮಗಳ ಆರೋಗ್ಯ ಎಂದೆಲ್ಲ ನಾನು ಮನೆಯಲ್ಲಿ ಹೇಳುವಾಗ ಆ ಮಾತುಗಳ ಕೆಳಗೆ ಹರಿಯುವುದು ಈ ಆಸೆಯೇ. ಅದನ್ನು ಗಂಡನಿಗೆ ಹೇಳಿದ್ದು ಈಚೆಗೆ. ಅವರು ಅಚ್ಚರಿಪಡಲಿಲ್ಲ.

ಇನ್ನೊಂದನ್ನು ಹೇಳುವುದು ಇದಕ್ಕಿಂತ ಕಷ್ಟ. ನನಗೆ ಆ ರೈಲು ಬೇಕು. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ, ನಾನು ಯಾರಿಗೂ ಸಿಗದ ಹೊತ್ತು. ಮನೆಯಲ್ಲಿ ಸೊಸೆ, ಹೆಂಡತಿ, ತಾಯಿ. ಆಫೀಸಿನಲ್ಲಿ ಲೆಕ್ಕಪತ್ರದ ಮೇಜು. ಎರಡೂ ಕಡೆ ನನ್ನನ್ನು ಕರೆಯುವ ದನಿಗಳಿಗೆ ಬಿಡುವಿಲ್ಲ. ಬಸ್ಸಿನಲ್ಲಿ ನಿಂತು ಜೋತಾಡುತ್ತ ಬರುವ ಒಂದೂವರೆ ಗಂಟೆಯಲ್ಲಿ ದೇಹಕ್ಕೂ ನೆಮ್ಮದಿಯಿಲ್ಲ. ಕಿಟಕಿ ಪಕ್ಕದ ಸೀಟು, ಅರ್ಕಾವತಿಯ ಸೇತುವೆ, ರಾಮನಗರದ ಬಂಡೆಗಳು, ಹೆಜ್ಜಾಲದ ಬಯಲು, ತೊಡೆಯ ಮೇಲೊಂದು ಪುಸ್ತಕ. ಹಳ್ಳಿಯ ಮನೆಯ ಅಂಗಳವನ್ನು ಕಲ್ಪಿಸಿಕೊಂಡದ್ದಕ್ಕಿಂತ ಹೆಚ್ಚು ಸಲ ನಾನು ಆ ಸೀಟನ್ನು ಕಲ್ಪಿಸಿಕೊಂಡಿದ್ದೇನೆ. ಮನೆಯಿಂದ ದೂರವಾಗಲು ಮನೆಯನ್ನೇ ದೂರ ಒಯ್ಯಬೇಕೆಂದುಕೊಂಡೆ ಎಂದು ನನಗೆ ಹೊಳೆದ ದಿನ ಸ್ವಲ್ಪ ಹೊತ್ತು ಏನೂ ಮಾಡಲಾಗಲಿಲ್ಲ.

ಹಳ್ಳಿ ನೋಡಲು ಹೋದದ್ದು ಮಾವು ಹೂಬಿಟ್ಟ ಕಾಲದಲ್ಲಿ. ದಲ್ಲಾಳಿ ತೋರಿಸಿದ್ದು ಇಪ್ಪತ್ತು ಗುಂಟೆ, ಅದರಲ್ಲೊಂದು ಹಳೆಯ ಹೆಂಚಿನ ಮನೆ, ಕೆಲವು ಮಾವಿನ ಮರ. ಪಕ್ಕದಲ್ಲೇ ಹಿಪ್ಪುನೇರಳೆ ತೋಟ, ಅದರಾಚೆ ಹುಳುಮನೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿದೆ. ಅಲ್ಲಿಗೆ ಹರಿದುಬರುವ ಗೂಡು ಹುಟ್ಟುವುದು ಇಂಥ ಮನೆಗಳಲ್ಲಿ. ಜಾಗ ನೋಡುತ್ತ ನಿಂತವಳನ್ನು ಆ ಮನೆಯ ಹೆಂಗಸು ಕರೆದು ಮಾತಾಡಿಸಿದರು. ಒಳಗೆ ಬರುವ ಮುಂಚೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿದ ಜಾಗದಲ್ಲಿ ಕಾಲಿಟ್ಟು ಬನ್ನಿ ಎಂದರು. ಬಾಗಿಲಿಗೆ, ಕಿಟಕಿಗೆ ಊಜಿ ನೊಣ ಬಾರದ ಹಾಗೆ ಬಲೆ. ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿದ್ದವು. ಜ್ವರವೆಂದರೆ ಹುಳು ಪೊರೆ ಬಿಡುವ ಮುಂಚೆ ತಿನ್ನದೆ ಮಲಗುವ ಹೊತ್ತು. ಹಾಗೆ ನಾಲ್ಕು ಸಲ ಮಲಗಿ ಎದ್ದ ಮೇಲಿನ ಒಂದು ವಾರ ಅವುಗಳ ಹಸಿವಿಗೆ ಮಿತಿಯಿಲ್ಲ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ವಾರದಲ್ಲೇ ಖರ್ಚು. ಆಗ ಮನೆಯವರಿಗೆ ರಾತ್ರಿಯೂ ನಿದ್ದೆಯಿಲ್ಲ. ಮೊಟ್ಟೆ ಒಡೆದು ಗೂಡಾಗುವವರೆಗೆ ಒಂದು ತಿಂಗಳಿಗೆ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಏನೊಂದು ಎಡವಟ್ಟಾದರೂ ಇಡೀ ಬೆಳೆ ಹೋಗುತ್ತದೆ.

ಅವರು ಕೇಳಿದ ಮೊದಲ ಪ್ರಶ್ನೆ: "ನೀವು ಮಾವಿನ ಮರಕ್ಕೆ ಔಸ್ದಿ ಹೊಡುಸ್ತೀರಾ?"

ನನಗೆ ತಕ್ಷಣ ಅರ್ಥವಾಯಿತು. ಹೂವಿಗೆ ಜಿಗಿಹುಳು ಬೀಳುವ ಕಾಲಕ್ಕೆ ಮಾವಿಗೆ ಔಷಧಿ ಹೊಡೆಯುತ್ತಾರೆ. ಗಾಳಿಯಲ್ಲಿ ಅದು ಪಕ್ಕದ ಹಿಪ್ಪುನೇರಳೆ ಎಲೆಯ ಮೇಲೆ ಕೂತರೆ ಕಣ್ಣಿಗೆ ಕಾಣುವುದಿಲ್ಲ. ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ತಂಬಾಕಿನ ಘಾಟೂ ಅವಕ್ಕೆ ಆಗದು. ರಾಮನಗರ, ಚನ್ನಪಟ್ಟಣದ ಕಡೆ ಮಾವೂ ರೇಷ್ಮೆಯೂ ಬೇಲಿ ಹಂಚಿಕೊಂಡೇ ಬೆಳೆಯುವುದರಿಂದ ನೆರೆಹೊರೆಯ ಒಪ್ಪಂದವಿಲ್ಲದೆ ಅಲ್ಲಿ ಬದುಕು ಸಾಗದು. ಇಂಥ ದಿನ ಹೊಡೆಯುತ್ತೇವೆ ಎಂದು ಮೊದಲೇ ಹೇಳಬೇಕು, ಅವರು ಸೊಪ್ಪು ಕೊಯ್ದಿಟ್ಟುಕೊಳ್ಳಬೇಕು, ಗಾಳಿ ಯಾವ ಕಡೆಗಿದೆ ನೋಡಬೇಕು. ನಗರದಿಂದ ಬಂದವರು ಸೊಳ್ಳೆಗೆಂದು ಅಂಗಳಕ್ಕೆಲ್ಲ ಹೊಗೆ ಹಾಕಿಸಿದರೆ, ಗುಲಾಬಿ ಗಿಡಕ್ಕೆಂದು ಏನನ್ನೋ ಸಿಂಪಡಿಸಿದರೆ ಪಕ್ಕದ ಮನೆಯ ತಿಂಗಳ ದುಡಿಮೆ ಹೋಗಬಹುದು. ನಾವು ಏನೂ ಹೊಡೆಸುವುದಿಲ್ಲ ಎಂದು ಮಾತು ಕೊಟ್ಟೆ.

ಅವರ ಎರಡನೇ ಪ್ರಶ್ನೆ: "ಸರಿ ಕನವ್ವ. ಹಗಲೊತ್ತು ಮನೇಲಿ ಯಾರಿರ್ತೀರಾ?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟವಳು ರಾತ್ರಿ ಎಂಟರ ಹೊತ್ತಿಗೆ ಬರುತ್ತೇನೆ. ಅವರು ಕುತೂಹಲಕ್ಕೆ ಕೇಳಿದ್ದಲ್ಲ. ಅಲ್ಲಿ ಬದುಕು ನಡೆಯುವುದೇ ಹಗಲಿನಲ್ಲಿ. ಪಂಚಾಯ್ತಿ ನೀರು ಬಿಡುವ ಹೊತ್ತಿಗೆ ಒಬ್ಬರಾದರೂ ಮನೆಯಲ್ಲಿರಬೇಕು. ಥ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎಂದು ಲೆಕ್ಕ, ಅದು ಬಂದಾಗ ಮೋಟಾರು ಹಾಕಬೇಕು. ಪಕ್ಕದ ಮನೆಯಲ್ಲಿ ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡಲು ಕೈಗಳು ಸಾಲುವುದಿಲ್ಲ, ಕರೆದರೆ ಹೋಗಬೇಕು. ಸಾವಾದರೆ ಹೋಗಬೇಕು. ಸಂಘದ ಸಭೆ, ಗ್ರಾಮಸಭೆ, ಡೇರಿಯ ಮುಂದೆ ನಿಂತಾಗಿನ ಎರಡು ಮಾತು, ಇವೆಲ್ಲ ಕೂಡಿಯೇ ಒಬ್ಬಳು ಆ ಊರಿನವಳಾಗುವುದು. ನಾನು ಅಲ್ಲಿರುವುದು ಕತ್ತಲಲ್ಲಿ, ಮತ್ತು ಭಾನುವಾರ. ನನ್ನ ಪರವಾಗಿ ಆ ಊರಿನವರಾಗಿ ಬದುಕಬೇಕಾದವರು ಅತ್ತೆ. ಅವರನ್ನು ನಾನು ಅಲ್ಲಿಯವರೆಗೆ ನೇರವಾಗಿ ಕೇಳಿಯೇ ಇರಲಿಲ್ಲ.

ಜಮೀನಿನ ಕಾಗದದ ಕತೆ ಉದ್ದಕ್ಕೆ ಹೇಳುವುದಿಲ್ಲ. ಪಹಣಿ, ಮ್ಯುಟೇಶನ್, 11ಇ ನಕ್ಷೆ, ಪೋಡಿ, ಋಣಭಾರ ಪತ್ರ, ಭೂಪರಿವರ್ತನೆ: ಬೆಂಗಳೂರಿನ ಸುತ್ತ ಒಂದು ತುಂಡು ನೆಲಕ್ಕೆ ಕೈಹಾಕಿದವರೆಲ್ಲರಿಗೂ ಇವು ಗೊತ್ತು. ನನ್ನನ್ನು ತಡೆದು ನಿಲ್ಲಿಸಿದ ಒಂದು ವಿಷಯ ಮಾತ್ರ ಹೇಳಬೇಕು. ಹಳೆಯ ದಾಖಲೆ ತೆಗೆಸಿದಾಗ ಆ ಇಪ್ಪತ್ತು ಗುಂಟೆ ಮೂಲದಲ್ಲಿ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ್ದು ಎಂದು ತಿಳಿಯಿತು. ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ ಎಂದು 1978ರ ಕಾಯ್ದೆ ಹೇಳುತ್ತದೆ. ಎಲ್ಲರ ಬಾಯಲ್ಲಿ ಅದು ಪಿಟಿಸಿಎಲ್. ಮಂಜೂರುದಾರರು ಜಮೀನು ವಾಪಸ್ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸೇರಿಸಿತು. ನಡುವೆ ಎರಡು ಕೈ ಬದಲಾಗಿದೆ, ಯಾರೂ ಕೇಳಲ್ಲ ಎಂದು ದಲ್ಲಾಳಿ ಧೈರ್ಯ ಹೇಳಿದ. ವಕೀಲರು ಬೇಡವೆಂದರು. ವಕೀಲರು ಬೇಡವೆನ್ನದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಪಹಣಿಯಲ್ಲಿ ನನ್ನ ಹೆಸರು ಬರಬೇಕೆಂಬ ಆಸೆ ಎಷ್ಟು ಹಳೆಯದೋ, ಅದೇ ಪಹಣಿಯಿಂದ ಅಳಿಸಿಹೋದ ಆ ಮನೆಯವರ ಹೆಸರಿನ ನೋವೂ ಅಷ್ಟೇ ಹಳೆಯದಿರಬೇಕು. ಆ ಹೆಸರಿನ ಮೇಲೆ ನನ್ನ ಹೆಸರು ಬರೆಸಿ ನಾನು ಯಾವ ಪಾಲನ್ನು ಪಡೆದಂತಾಗುತ್ತದೆ?

ಇದು ಬರೀ ನನ್ನೊಬ್ಬಳ ಮಾತಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ರೈತಸಂಘಟನೆಗಳು ಆಗ ಬೀದಿಗಿಳಿದು ವಿರೋಧಿಸಿದವು. ನಮ್ಮಂಥ ಸಂಬಳದ ಕುಟುಂಬಗಳಿಗೆ ಬಾಗಿಲು ತೆರೆದದ್ದು ಆ ತಿದ್ದುಪಡಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು, ಆಗಸ್ಟ್‌ನಲ್ಲಿ ಅದರ ಮೇಲೆ ಸ್ಕೂಟರು, ಆಟೊ, ಟ್ರ್ಯಾಕ್ಟರು ಬಾರದಂತೆ ತಡೆದರು. ಅಂದರೆ ರಸ್ತೆ ಪಕ್ಕದ ಊರಿನವರ ವಾಹನಗಳು ಸರ್ವಿಸ್ ರಸ್ತೆಗೆ ಇಳಿದವು, ನಮ್ಮ ಕಾರುಗಳು ಮೇಲೆ ಹೋದವು. ಪಟ್ಟಣದೊಳಗಿನ ಹಳೆ ರಸ್ತೆಯಲ್ಲಿ ಚನ್ನಪಟ್ಟಣದ ಗೊಂಬೆ ಮಾರುತ್ತಿದ್ದ ಅಂಗಡಿಗಳಿಗೆ ವ್ಯಾಪಾರ ಇಳಿಯಿತು. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಟ್ಟಿತು. ಬಿಡದಿಯ ಬಳಿ ಭೈರಮಂಗಲದ ಸುತ್ತ ಉಪನಗರಕ್ಕೆಂದು ಸಾವಿರಾರು ಎಕರೆ ಗುರುತಿಸಿದಾಗ ಅಲ್ಲಿನ ರೈತರು ಧರಣಿ ಕೂತರು. ನಾನು ಹಳ್ಳಿ ಎಂದುಕೊಂಡು ಹುಡುಕುತ್ತಿರುವ ಜಾಗವನ್ನು ಬೆಂಗಳೂರು ಆಗಲೇ ತನ್ನದೆಂದು ಬರೆದುಕೊಂಡಿದೆ.

ಭೈರಮಂಗಲದ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ವೃಷಭಾವತಿ ನದಿ ಹುಟ್ಟುವುದು ಬೆಂಗಳೂರಿನಲ್ಲೇ. ನಗರದ ಕೊಳಚೆಯನ್ನು ಹೊತ್ತುಕೊಂಡು ಅದು ಭೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ನಾಯಂಡಹಳ್ಳಿ, ಕೆಂಗೇರಿ ದಾಟುವಾಗ ರೈಲಿನ ಕಿಟಕಿಯಿಂದ ಆ ವಾಸನೆ ಒಳಕ್ಕೆ ನುಗ್ಗುತ್ತದೆ. ನಗರಕ್ಕೆ ಕುಡಿಯುವ ನೀರು ಬರುವುದು ನಮ್ಮ ತವರಿನ ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದದ್ದು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಚಾಲೂ ಆಯಿತು. ನಮ್ಮ ತಾಲ್ಲೂಕಿನ ನೀರು ಕುಡಿದು, ಬಿಡದಿಯ ಕೆರೆಗೆ ಹೊಲಸು ಬಿಟ್ಟು, ಈಗ ಚನ್ನಪಟ್ಟಣದ ಗಾಳಿಗೂ ಕೈಚಾಚಿದ್ದೇನೆ. ಹೀಗೆ ಬರೆದು ನೋಡಿದಾಗ ಎದೆ ಭಾರವಾಗುತ್ತದೆ. ಆದರೂ ಆಸೆ ಹೋಗಿಲ್ಲ.

ದಿನಾ ಓಡಾಡುವವರ ಬದುಕು ಹೇಗಿದೆ ಎಂದು ತಿಳಿಯಲು ರಜೆ ಹಾಕಿ ಬೆಳಗಿನ ರೈಲುಗಳಲ್ಲಿ ಕೂತುಬಂದೆ. ಮಂಡ್ಯ, ಮದ್ದೂರು, ಚನ್ನಪಟ್ಟಣದಿಂದ ಬೆಂಗಳೂರಿಗೆ ದುಡಿಯಲು ಬರುವವರಿಗೆ ಚಾಮುಂಡಿ ಎಕ್ಸ್‌ಪ್ರೆಸ್ಸೂ ಮೆಮು ಗಾಡಿಗಳೂ ಮನೆಯ ಇನ್ನೊಂದು ಕೋಣೆಯೇ ಆಗಿವೆ. ಆಸ್ಪತ್ರೆಯ ಆಯಾಗಳು, ಗಾರ್ಮೆಂಟ್ಸಿನ ಮೇಲ್ವಿಚಾರಕಿಯರು, ನ್ಯಾಯಾಲಯದ ಗುಮಾಸ್ತರು, ಎಂಜಿನಿಯರಿಂಗ್ ಓದುವ ಹುಡುಗರು, ಹೂವಿನ ಮೂಟೆ ತರುವವರು. ಒಬ್ಬರಿಗಾಗಿ ಇನ್ನೊಬ್ಬರು ಸೀಟು ಹಿಡಿಯುತ್ತಾರೆ, ಹುಟ್ಟುಹಬ್ಬಕ್ಕೆ ಸಿಹಿ ಹಂಚುತ್ತಾರೆ. ಒಬ್ಬರು ಎರಡು ದಿನ ಬಾರದಿದ್ದರೆ ಫೋನು ಹೋಗುತ್ತದೆ. ನನ್ನೆದುರು ಕೂತಿದ್ದ ಹೆಂಗಸು ಚೀಲದಿಂದ ನೆನೆಸಿದ ಅವರೆಕಾಳು ತೆಗೆದು ಹಿದುಕುತ್ತ ಕೂತರು, ರಾತ್ರಿಯ ಸಾರಿಗೆ. ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಪುಸ್ತಕ ತೆರೆದಿದ್ದೆ, ಓದಲಾಗಲಿಲ್ಲ. ಸುಸ್ತಾಗಲ್ವಾ ಎಂದೆ. "ಸುಸ್ತು ಆಯ್ತದೆ. ಆದ್ರೂ ಈ ಗಾಡಿಯೊಳಗೆ ಯಾರೂ ನನ್ನ ಕೂಗಲ್ಲ ನೋಡಿ, ಅದೊಂದು ಸುಖ" ಎಂದರು. ನನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ಅವರನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. "ಅತ್ತೆ ಅವ್ರೆ. ಮಕ್ಕಳು, ಹಸ, ಎಲ್ಲ ಅವರ್ದೇ. ಅವರು ಇಲ್ದಿದ್ರೆ ನಾನೆಲ್ಲಿ ರೈಲು ಹತ್ತಾದು?"

ಅವರಿಗೆ ರೈಲು ಹತ್ತದೆ ಗತ್ಯಂತರವಿಲ್ಲ. ಇದೇ ಮಾತನ್ನು ಕೆಜಿಎಫ್ ಕಡೆಯಿಂದ ಬರುವ ನನ್ನ ಸಹೋದ್ಯೋಗಿ ಬೇರೆ ರೀತಿ ಹೇಳುತ್ತಾನೆ. ಚಿನ್ನದ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿದಾಗ ಅವನು ಶಾಲೆಯಲ್ಲಿದ್ದ. ಅಪ್ಪ ಗಣಿ ಕಾರ್ಮಿಕ. ಮುಚ್ಚಿದ ಮೇಲೆ ಆ ಊರಿನ ಸಾವಿರಾರು ಜನ ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಹಿಡಿದು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು ದುಡಿದು, ರಾತ್ರಿ ಹಿಂದಿರುಗುವುದು ಶುರುವಾಯಿತು. ಇಂದಿಗೂ ನಿಂತಿಲ್ಲ. ನಾನು ಹಳ್ಳಿಗೆ ಹೋಗುವ ಯೋಚನೆ ಹೇಳಿದಾಗ ಅವನು ಬೇಸರಿಸಲಿಲ್ಲ, ತಮಾಷೆ ಮಾಡಲಿಲ್ಲ. ಒಂದೇ ಮಾತು ಕೇಳಿದ: ಅಕ್ಕ, ನಿಮ್ಮ ಮಗಳು ಎದ್ದಿರುವಾಗ ನೀವು ಮನೆಯಲ್ಲಿರುವುದು ಎಷ್ಟು ಹೊತ್ತು? ತನ್ನ ಮಗ ಅಪ್ಪನೆಂದರೆ ಭಾನುವಾರ ಎಂದುಕೊಂಡಿದ್ದಾನೆ ಎಂದ. ಇರುವ ಮನೆ ಅಲ್ಲಿದೆ, ಬೆಂಗಳೂರಿನ ಬಾಡಿಗೆ ಕೈಗೆಟುಕದು, ಅವನಿಗೆ ಬೇರೆ ದಾರಿಯಿಲ್ಲ. ನನ್ನ ಮುಂದೆ ಎರಡು ದಾರಿಯಿವೆ. ಅವನ ಹೆಂಡತಿ ಬೇರೆ ದಾರಿಯಿಲ್ಲದೆ ಹೊತ್ತದ್ದನ್ನು ನಾನು ಇಷ್ಟಪಟ್ಟು ಇನ್ನೊಬ್ಬರ ಹೆಗಲಿಗೆ ಹಾಕುವುದು ಹೇಗೆ?

ಕೊನೆಗೆ ಅತ್ತೆಯನ್ನು ಕೇಳಿದೆ. ಅಡುಗೆಮನೆಯಲ್ಲಿ ಕೆಲಸದ ನಡುವೆ ಕೇಳದೆ, ಮಧ್ಯಾಹ್ನ ಪಕ್ಕದಲ್ಲಿ ಕೂತು ಕೇಳಿದೆ. ಅವರು ತುಂಬ ಹೊತ್ತು ಯೋಚಿಸಿದರು. ಅರೆಕೆರೆ ಕಿರಿಕಿರಿಯ ಜಾಗವೆಂದು ನಾನು ಅಂದುಕೊಂಡಿದ್ದೆ. ಅವರ ಅರೆಕೆರೆ ಬೇರೆಯೇ ಇತ್ತು. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುವ ಗೆಳತಿಯರು, ಶನಿವಾರದ ಭಜನೆ, ಮೂರನೇ ಮನೆಯ ತಮಿಳು ಅಜ್ಜಿ. ಎದೆಯ ತೊಂದರೆಗೆ ತೋರಿಸುವ ಜಯದೇವ ಆಸ್ಪತ್ರೆ ಅದೇ ಬನ್ನೇರುಘಟ್ಟ ರಸ್ತೆಯಲ್ಲಿದೆ, ಆಟೊದಲ್ಲಿ ಹೋಗಿ ಬರುವಷ್ಟು ಹತ್ತಿರ. ನಾನು ಮನೆಯಲ್ಲಿಲ್ಲದ ಹಗಲುಗಳಲ್ಲಿ ಅವರು ಒಂದು ಊರನ್ನೇ ಕಟ್ಟಿಕೊಂಡಿದ್ದರು. "ಬಾ ಅಂದ್ರೆ ಬರ್ತೀನಿ ಕಣಮ್ಮ" ಎಂದರು. "ಆದ್ರೆ ಮನೆ ಕಾಯೋಕೆ ಬರಲ್ಲ. ಅಲ್ಲಿ ನಂಗೂ ಒಂದು ಬದುಕು ಆಗೋದಾದ್ರೆ ಬರ್ತೀನಿ. ಆಗುತ್ತಾ ಇಲ್ವಾ ನೋಡೋಕೆ ಟೈಮ್ ಬೇಕು."

ಇಷ್ಟು ನೇರವಾಗಿ ಮಾತಾಡಬಲ್ಲ ಮನುಷ್ಯರೊಬ್ಬರು ನನ್ನ ಮನೆಯಲ್ಲಿದ್ದಾರೆ ಎಂಬುದಕ್ಕೆ ನಾನು ಕೃತಜ್ಞಳು.

ಗಂಡನ ಜೊತೆಗಿನ ಮಾತು ಇದಕ್ಕಿಂತ ಉದ್ದವಾಯಿತು. ಮನೆಯಿಂದ ಕೆಲಸ ಮಾಡುವವರು ಮನೆಯಲ್ಲಿರುತ್ತಾರೆ ಎಂಬುದು ಕಾಗದದ ಮೇಲಿನ ಮಾತು. ಕಿವಿಗೆ ಹೆಡ್‌ಫೋನು ಹಾಕಿ ಕೋಣೆಯ ಬಾಗಿಲು ಮುಚ್ಚಿದರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ದೂ ಕೇಳಿಸದು. ಆ ಹೆಂಗಸಿನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಹಗಲೊತ್ತು ಮನೆಯಲ್ಲಿರುವವರು ನೀವಾಗುತ್ತೀರಾ? ಬರೀ ಇರುವುದಲ್ಲ, ನೀರು ಹಿಡಿಯುವುದು, ಊರವರಿಗೆ ಉತ್ತರಿಸುವುದು, ರಾತ್ರಿ ಸಾರಿಗೆ ಒಗ್ಗರಣೆ ಹಾಕುವುದು. ನನಗೆ ಆ ರೈಲಿನ ಹೊತ್ತು ಬೇಕು ಎಂಬುದನ್ನೂ ಹೇಳಿದೆ, ಮೊದಲ ಸಲ. ಅವರು ಸುಮ್ಮನಿದ್ದು, ನನಗೂ ಅಂಥದೊಂದು ಹೊತ್ತು ಬೇಕು ಎಂದರು. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವರು ಕಚೇರಿಗೆ ಹೋಗುವ ಎರಡು ದಿನ ಅವರಿಗೆ ರೈಲು. ಆ ದಿನಗಳಲ್ಲಿ ನಾನು ಬೇಗ ಹೊರಟು ಸಂಜೆ ಮುಂಚಿನ ಗಾಡಿ ಹಿಡಿಯಬೇಕು; ಆಫೀಸಿನಲ್ಲಿ ಹೊತ್ತು ಬದಲಿಸಿಕೊಡಲು ಕೇಳಿದ್ದೇನೆ, ನೋಡೋಣ ಎಂದಿದ್ದಾರೆ.

ಜಮೀನು ಈಗ ಬೇಡವೆಂದು ದಲ್ಲಾ‍ಳಿಗೆ ಹೇಳಿಯಾಯಿತು. ಪಹಣಿಯಲ್ಲಿ ಹೆಸರು ಬರಬೇಕೆಂಬ ಆಸೆ ಹಾಗೇ ಇದೆ. ಒಂದು ದಿನ ಯಾರ ಹೆಸರನ್ನೂ ಅಳಿಸದೆ ಸಿಗುವ ತುಂಡು ನೆಲ ಬಂದರೆ, ಹಗಲಲ್ಲಿ ಅದರ ಮೇಲೆ ನಿಲ್ಲಲು ನನಗೆ ಬಿಡುವಿರುವ ಕಾಲ ಬಂದರೆ, ಆಗ ಕೊಳ್ಳುತ್ತೇನೆ. ನಿವೃತ್ತಿಗೆ ಇನ್ನೂ ವರ್ಷಗಳಿವೆ.

ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವುದು ಏಪ್ರಿಲ್ ಹೊತ್ತಿಗೆ. ಪಿಯುಸಿ ಶುರುವಾಗುವವರೆಗೆ ಅವಳಿಗೆ ಬಿಡುವು. ಅವಳಿಗೆ ಬೆಂಗಳೂರಿನ ಕಾಲೇಜೇ ಬೇಕಂತೆ, ಹಾಗಾದರೆ ರೈಲು ಅವಳಿಗೂ ಕಾಯಂ. ಆ ದಣಿವು ಅವಳಿಗೂ ಈಗಲೇ ಗೊತ್ತಾಗಲಿ. ಚನ್ನಪಟ್ಟಣದಲ್ಲಿ, ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಊರಂಚಿನಲ್ಲಿ ಒಂದು ಬಾಡಿಗೆ ಮನೆ ನೋಡಿದ್ದೇವೆ. ಹಳ್ಳಿಯ ಒಳಗಿನ ಮನೆಯಾದರೆ ನಸುಕಿನ ಕತ್ತಲಲ್ಲಿ ಸ್ಕೂಟರಿನಲ್ಲಿ ನಿಲ್ದಾಣಕ್ಕೆ ಬರಬೇಕು. ಆ ತಾಲ್ಲೂಕಿನ ಕಾಡಂಚಿನ ಹೊಲಗಳಿಗೆ ಆನೆ ಇಳಿಯುವುದು ಸುದ್ದಿಯೇ ಅಲ್ಲ, ಚಿರತೆಯ ಓಡಾಟವೂ ಇದೆ; ಮಗಳನ್ನು ಹಿಂದೆ ಕೂರಿಸಿಕೊಂಡು ಅದಕ್ಕೆ ನಾನು ಸಿದ್ಧಳಿಲ್ಲ. ಹೋಗುವುದು ಏಪ್ರಿಲ್‌ನಲ್ಲೇ, ಬಿಸಿಲು ಏರಿ ನೀರು ಇಳಿಯುವ ತಿಂಗಳಲ್ಲೇ. ಅರೆಕೆರೆಯ ಮನೆ ಬಿಡುವುದಿಲ್ಲ, ಎರಡು ಬಾಡಿಗೆ ಕಟ್ಟುವುದು ಕಷ್ಟವಾದರೂ. ಅತ್ತೆ ಮೊದಲು ಅಲ್ಲೇ ಇರುತ್ತಾರೆ, ನಾದಿನಿ ಬಂದು ಜೊತೆಗಿರಲು ಒಪ್ಪಿದ್ದಾಳೆ. ಚನ್ನಪಟ್ಟಣಕ್ಕೆ ಬೇಕೆನಿಸಿದಾಗ ಬರುತ್ತಾರೆ, ಸಾಕೆನಿಸಿದಾಗ ಹೋಗುತ್ತಾರೆ. ರೈಲ್ವೆಯವರು ಇಡೀ ವರ್ಷದ ಪಾಸನ್ನೂ ಕೊಡುತ್ತಾರೆ, ಅದು ಅಗ್ಗವೂ ಹೌದು. ನಾನು ಮೂರು ತಿಂಗಳದ್ದು ಮಾಡಿಸುತ್ತೇನೆ. ಮುಂದಿನದನ್ನು ಜುಲೈನಲ್ಲಿ ನಾಲ್ವರೂ ಕೂತು ಮಾತಾಡಿದ ಮೇಲೆ ನೋಡಬೇಕು.